ಬೆಳ್ಳಿಯ ಮೇಲಿನ ಒಂದು ಪದರ

ಪ್ರಯೋಗಶಾಲೆ, ಎರಡನೇ ಮಹಡಿ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಊರೂರು ಸುತ್ತಿ ಭಾಷಣ ಮಾಡುವವನಿಗೆ ಗಂಟಲೇ ಬಂಡವಾಳ, ಜೋಪಾನ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಫೋಟೊ ಬಂದ ಪತ್ರಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. "ಅಣು ಜೋಡ್ಸಿ ಜೇನುಗೂಡು ಕಟ್ಟಿದಾನೆ ನನ್ ಮಗ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅವರಿಗೆಲ್ಲ ಕಾಫಿ ತಂದುಕೊಡುತ್ತೇನೆ.

ನಿನ್ನ ಭಾಷಣ ಓದಿದೆ. ಒಂದೇ ಪದರದ ಆಕ್ಸೈಡ್ ಪೊರೆ ತನ್ನಷ್ಟಕ್ಕೆ ತಾನೇ ಆರು ಮೂಲೆಯ ಜೇನುಗೂಡಾಗುತ್ತದೆ, ಅದು ಅದರ ಹುಟ್ಟುಗುಣ ಎಂದಿದ್ದೀಯ. ಹುಟ್ಟುಗುಣವಂತೆ. ಆರು ವರ್ಷ ಒಂದೇ ಪ್ಲಾಟಿನಂ ತುಂಡಿನ ಮೇಲೆ ಪೊರೆ ಬೆಳೆಸಿದ ಮಹಾನುಭಾವ, ಇನ್ನೊಂದು ಲೋಹದ ಮೇಲೆ ಒಮ್ಮೆಯಾದರೂ ಬೆಳೆಸಿ ನೋಡಿದೆಯಾ? ಲೋಹ ಬದಲಿಸಲು ನಿರ್ವಾತದ ಪಾತ್ರೆ ತೆರೆಯಬೇಕು, ಮತ್ತೆ ಮುಚ್ಚಿ, ಮೂರು ದಿನ ಬಿಸಿ ಮಾಡಿ ಒಳಗಿನ ತೇವವನ್ನೆಲ್ಲ ಹೊರಹಾಕಬೇಕು. ನಿನ್ನ ಪ್ರಯೋಗಶಾಲೆಯ ತಂತ್ರಜ್ಞೆಯಾಗಿ ಬೋಲ್ಟ್ ಬಿಚ್ಚುವವಳು ನಾನು, ಕಾಯಲು ಪುರಸೊತ್ತಿಲ್ಲದವನು ನೀನು. ಇಂಥ ಮೈಗಳ್ಳತನಕ್ಕೆ ಶಾಲು ಹೊದಿಸುವವರೂ ಸಿಕ್ಕಿದರಲ್ಲ, ಅದೇ ಸೋಜಿಗ.

ನಾವೆಲ್ಲ ಮೌನಿ ಎಂದು ಕರೆಯುತ್ತಿದ್ದ ನಿನ್ನ ವಿದ್ಯಾರ್ಥಿನಿ ನೆನಪಿದ್ದಾಳೆಯೇ? ಅವಳು ಮೂಲೆಯ ಹಳೆಯ ಯಂತ್ರದಲ್ಲಿ ಅದೇ ಆಕ್ಸೈಡನ್ನು ಬೆಳ್ಳಿಯ ಮೇಲೆ ಬೆಳೆಸಿದಳು. ಜೇನುಗೂಡು ಬರಲಿಲ್ಲ, ಉದ್ದುದ್ದ ಸಾಲುಗಳು ಬಂದವು. ಕೆಳಗಿನ ಲೋಹದ ಪರಮಾಣುಗಳು ಹೇಗೆ ಕುಳಿತಿವೆಯೋ ಹಾಗೆ ಮೇಲಿನ ಪದರವೂ ಕೂರುತ್ತದೇನೋ ಎಂದು ಮೆಲ್ಲಗೆ ಹೇಳಿದಳು. ನೀನು ಎಲ್ಲರ ಎದುರು, "ಬೆಳ್ಳಿ ಕ್ಲೀನ್ ಮಾಡೋಕೆ ಬರ್ದೇ ಇರೋರೆಲ್ಲ ಪಿಎಚ್‌ಡಿ ಮಾಡೋಕೆ ಬರ್ತಾರೆ" ಎಂದು ನಕ್ಕೆ. ತಿಂಗಳೊಳಗೆ ಅವಳ ಸಂಶೋಧನೆ ನಿಂತಿತು. ಈಗ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಾಳೆ.

ನೀನು ಭಾಷಣಕ್ಕೆಂದು ಅತ್ತ ಹೋದ ಮೇಲೆ ನಿನ್ನ ಯಂತ್ರವನ್ನೇ ಬಿಚ್ಚಿದೆ. ಅವಳ ಅದೇ ಬೆಳ್ಳಿ ತುಂಡನ್ನು ಆರ್ಗಾನ್ ಅಯಾನುಗಳಿಂದ ಹೊಡೆದು ಮೇಲಿನ ಕೊಳೆ ಕಿತ್ತು, ಕಾಯಿಸಿ, ಮತ್ತೆ ಹೊಡೆದು, ಕಾಯಿಸಿ, ಇಂಗಾಲದ ಸುಳಿವೂ ಇಲ್ಲದಷ್ಟು ಶುದ್ಧ ಮಾಡಿ ಪೊರೆ ಬೆಳೆಸಿದೆ. ಸೂಕ್ಷ್ಮದರ್ಶಕದಲ್ಲಿ ಸಾಲುಗಳೇ ಕಂಡವು, ಅವಳ ಚಿತ್ರದಲ್ಲಿದ್ದ ಹಾಗೆಯೇ. ಆಮೇಲೆ ಬೆಳ್ಳಿಯ ಮೇಲೂ ಪ್ಲಾಟಿನಂ ಮೇಲೂ ಪದರದ ಮೇಲೆ ಪದರ ಬೆಳೆಸುತ್ತ ಹೋದೆ. ಹತ್ತು ಪದರವಾಗುವ ಹೊತ್ತಿಗೆ ಬೆಳ್ಳಿಯ ಮೇಲಿನದಕ್ಕೂ ಪ್ಲಾಟಿನಂ ಮೇಲಿನದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಕೆಳಗಿನ ಲೋಹದ ಹಿಡಿತ ತಪ್ಪಿದ ಮೇಲೆ ಕಾಣುವುದೇ ನಿಜವಾದ ಹುಟ್ಟುಗುಣ, ತಿಳೀತಾ ಮೇಧಾವಿ? ನಿನ್ನ ಜೇನುಗೂಡು ಕಟ್ಟಿದ್ದು ಪ್ಲಾಟಿನಂ. ನೀನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ, ಅಷ್ಟೇ. ಚಿಕ್ಕಂದಿನಲ್ಲಿ ನಿನಗೆ ಲೆಕ್ಕ ಹೇಳಿಕೊಟ್ಟವಳು ನಾನು ಎಂದುಕೊಂಡರೆ ಈಗ ನಾಚಿಕೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನದು ಸದ್ಯಕ್ಕೆ ಇಲ್ಲ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಚಿತ್ರಗಳೆಲ್ಲ ಇವತ್ತೇ ನಿರ್ದೇಶಕರ ಮೇಜಿಗೆ ಹೋಗುತ್ತವೆ. ಜೊತೆಗೆ ಮೌನಿ ಪ್ರಯೋಗ ಮಾಡಿದ ದಿನದ ಲಾಗ್‌ಬುಕ್ಕಿನ ಪುಟವೂ ಹೋಗುತ್ತದೆ. 'ಬೆಳ್ಳಿ ಶುದ್ಧವಿರಲಿಲ್ಲ' ಎಂದು ಬರೆದು ಸಹಿ ಹಾಕಿದವಳು ನಾನು. ಪರೀಕ್ಷಿಸಿ ನೋಡಿರಲಿಲ್ಲ. ತಮ್ಮ ಹೇಳಿದ, ಬರೆದೆ. ನಾಳೆ ಬೆಳಿಗ್ಗೆ ಮೌನಿಯ ಮನೆಗೆ ಹೋಗಿ ಇದನ್ನು ಅವಳೆದುರೇ ಹೇಳುತ್ತೇನೆ. ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.