ಅಳಿಯ ಬಾಯಿ ಮುಚ್ಚಿದ ವಾರ

೧೪ ನವೆಂಬರ್, ಶುಕ್ರವಾರ

ಪ್ರೀತಿಯ ಅಕ್ಕ,

ಸಮಸ್ತ ಭೂಮಂಡಲಕ್ಕೂ, ಅದರ ಒಂದು ಮೂಲೆಯಲ್ಲಿ ವಾಸವಾಗಿರುವ ನನ್ನ ಅಕ್ಕನಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಅಡುಗೆಮನೆಯ ಕಿಟಕಿಯ ಚಿಲಕ ಸರಿಹೋಗಿದೆ! ಬಡಗಿಯ ನೆರವಿಲ್ಲದೆ, ಕೇವಲ ಒಂದು ಹೆಬ್ಬೆರಳನ್ನು ಬಲಿಕೊಟ್ಟು ಈ ಮಹತ್ಕಾರ್ಯವನ್ನು ನಾನೇ ನೆರವೇರಿಸಿದ್ದೇನೆ. ಈಗ ಕಿಟಕಿ ಭದ್ರವಾಗಿ ಮುಚ್ಚುತ್ತದೆ. ತೆರೆಯುವುದಿಲ್ಲ, ಅದು ಬೇರೆ ಮಾತು.

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಚಿಕ್ಕಪ್ಪನನ್ನು ಮಣ್ಣು ಮಾಡಿ ನೀನು ಹೊರಟ ಮೇಲೆ ಪೆನ್ನು ಹಿಡಿದಾಗಲೆಲ್ಲ ಕೈ ಬೇರೇನೋ ಕೆಲಸ ಹುಡುಕಿಕೊಂಡು ಹೋಗುತ್ತಿತ್ತು. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಮಲಗಿರುತ್ತಾರೆ. ಅವರ ಕಾಲು ಮುರಿದಿದೆ, ಕಿವಿ ಮುರಿದಿಲ್ಲ. ಮೆಸೇಜು ಕಳಿಸೋಣವೆಂದರೆ ನಿನ್ನ ಫೋನು ಸದಾ ನಿನ್ನ ಮಕ್ಕಳ ವಶ. ಅದಕ್ಕೇ ನಿಮ್ಮ ಕಡೆಗೆ ಹೊರಟ ಬಸ್ಸಿನ ಡ್ರೈವರ್ ಕೈಗೆ ಈ ಕಾಗದ.

ಅಪ್ಪ ಊಟ ಮಾಡುತ್ತಿದ್ದಾರೆ, ಉಪ್ಪು ಕಮ್ಮಿ ಎನ್ನುತ್ತಿದ್ದಾರೆ. ಎಂದರೆ ಆರೋಗ್ಯ ಸುಧಾರಿಸುತ್ತಿದೆ. ಆದರೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರು.

"ಅಷ್ಟು ದೊಡ್ಡ ಹವಾಮಾನದ ಆಫೀಸು, ಅಷ್ಟೊಂದು ಮೆಷಿನ್ನು. ಸಂಜೆಯೊಳಗೆ ಬಿರುಗಾಳಿ ಸೊರಗುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲೇ! ಅದನ್ನ ನಂಬಿ ತಾನೇ ನಾನೂ ನಿನ್ನ ಚಿಕ್ಕಪ್ಪನೂ ಬಲೆ ಎಳೀತಾ ಕೂತಿದ್ದು? ಯಾಕೆ ಸೊರಗಲಿಲ್ಲ, ಹೇಳು."

ಹೇಳಿದೆ. ಬಿಸಿ ಹಾಲಿನ ಲೋಟಕ್ಕೆ ನೀವು ಊದುತ್ತೀರಲ್ಲ ಅಪ್ಪ, ಹಾಲು ಆರುತ್ತದೆ, ಅದರ ಬಿಸಿ ಗಾಳಿಗೆ ಸೇರುತ್ತದೆ. ಕಡಲಿನ ಮೇಲೂ ಅದೇ ಕತೆ. ಗಾಳಿ ಊದುತ್ತದೆ, ನೀರು ಆವಿಯಾಗಿ ತನ್ನ ಬಿಸಿಯನ್ನು ಕೊಡುತ್ತದೆ, ಆ ಬಿಸಿ ತಿಂದು ಕೊಬ್ಬಿದ ಗಾಳಿ ಇನ್ನೂ ಜೋರಾಗಿ ಊದುತ್ತದೆ. ಸಾಮಾನ್ಯವಾಗಿ ಬಿರುಗಾಳಿಯೇ ಕಡಲನ್ನು ಕಲಕಿ ತಳದ ತಣ್ಣೀರನ್ನು ಮೇಲೆ ತಂದುಕೊಂಡು, ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. ಈ ಸಲ ಕಲಕಿದರೆ ಕೆಳಗೂ ಬಿಸಿನೀರೇ. ಗಾಳಿ ಸೊರಗುವುದೆಲ್ಲಿಂದ ಬಂತು?

"ಕೆಳಗೆ ಬಿಸಿ ಇತ್ತು ಅಂತ ಮೊದಲೇ ಯಾಕೆ ಗೊತ್ತಾಗ್ಲಿಲ್ಲ?"

"ಅದನ್ನು ನೋಡೋ ಯಂತ್ರ ಕೆಟ್ಟಿತ್ತಪ್ಪ."

"ಕೆಟ್ಟಿತ್ತಂತೆ! ನನ್ನ ತಮ್ಮನ್ನ ನುಂಗಿದ್ದು ಕಡಲಲ್ಲ ಕಣೇ, ನಿಮ್ಮ ಆಫೀಸು."

ಗೋಡೆಯ ಕಡೆ ತಿರುಗಿಬಿಟ್ಟರು. ನಾನು ಉಪ್ಪಿನ ಡಬ್ಬಿ ತಂದಿಟ್ಟೆ. ಅದಕ್ಕಿಂತ ಹೆಚ್ಚೇನು ಮಾಡಲಿ?

ಆ ಯಂತ್ರವೆಂದರೆ ನಮ್ಮ ಹಳದಿ ಬೋಯ್, ಪೀಪಾಯಿಯಂಥ ತೇಲುಬುರುಡೆ. ದಡದಿಂದ ದೂರ, ಲಂಗರು ಕಚ್ಚಿ ತೇಲುತ್ತಿರುತ್ತದೆ. ಅದರಿಂದ ಕೆಳಗಿಳಿದ ಕೇಬಲ್ಲಿನ ಉದ್ದಕ್ಕೂ ನೀರಿನ ಬಿಸಿ ಅಳೆಯುವ ಸಾಧನಗಳು. ಆಫೀಸಿನಲ್ಲಿ ಎಲ್ಲರೂ ಅದನ್ನು 'ಅಳಿಯ' ಎನ್ನುತ್ತಾರೆ. ಕೂತಲ್ಲೇ ಕೂತಿರುತ್ತದೆ, ಆಗಾಗ ನಾವೇ ಹೋಗಿ ಮೈ ಉಜ್ಜಿ, ಬ್ಯಾಟರಿ ಉಣಿಸಿ ಬರಬೇಕು. ಬಿರುಗಾಳಿ ಬಂದ ವಾರ, ಗಾಳಿ ಏಳುವ ಮೊದಲೇ ಅಳಿಯ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡ. ಆಕಾಶದ ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ, ಹೊಟ್ಟೆಯಲ್ಲ.

ಮೊನ್ನೆ ಅದನ್ನು ಎಳೆದು ತಂದೆವು. ಕೇಬಲ್ ಹರಿದಿದೆ, ಮೇಲಿನ ಕಂಬಿಗೆ ದೋಣಿಯ ಹಗ್ಗದ ತುಂಡು ನೇತಾಡುತ್ತಿದೆ. ಬೋಯ್‌ನ ನೆರಳಿಗೆ ಮೀನು ಸೇರುತ್ತವೆಂದು ಕಡಲಿಗಿಳಿಯುವ ಪ್ರತಿಯೊಬ್ಬನಿಗೂ ಗೊತ್ತು. ದೋಣಿ ಕಟ್ಟಿ ಬಲೆ ಬಿಡುತ್ತಾರೆ, ಅಲೆ ಬಂದಾಗ ದೋಣಿ ಜಗ್ಗುತ್ತದೆ. ಕೇಳಿ ನೋಡು, "ಅಯ್ಯೋ ಶಿವನೇ, ನಾವಾ?" ಎಂದು ಇಡೀ ಬಂದರು ಒಕ್ಕೊರಲಿನಿಂದ ಹಾಡುತ್ತದೆ. ನಮ್ಮ ಸಾಹೇಬರಿಗೆ ಕೋಪ ನೆತ್ತಿಗೇರಿ, ಹಗ್ಗವನ್ನು ಗಂಟಿನ ಸಮೇತ ಕತ್ತರಿಸಿ ಆಫೀಸಿನ ಬಾಗಿಲಲ್ಲೇ ಮೇಜಿನ ಮೇಲಿಡಿಸಿದ್ದಾರೆ. "ಗಂಟು ನೋಡಿದ್ರೆ ಯಾರ ಕೈ ಅಂತ ದೋಣಿಯವರೇ ಹೇಳ್ತಾರೆ. ಹೆಸರು ಗೊತ್ತಾಗ್ಲಿ ಸಾಕು," ಎಂದರು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರೂ ನೂರು ಕಾಲ ತಣ್ಣಗಿರಿ.

ನಿನ್ನ
ಬಾಲಂಗೋಚಿ

ತಾ.ಕ.: ಅಕ್ಕ, ಹೇಳದೆ ಮುಗಿಸೋಣವೆಂದುಕೊಂಡಿದ್ದೆ, ಆಗಲಿಲ್ಲ. ಅದು ಅಪ್ಪನ ಗಂಟು. ಕಿರುಬೆರಳು ಮಡಚಲಾಗದೆ ಎಡಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ತೂರಿಸುತ್ತಾರಲ್ಲ, ನಮ್ಮ ಉಯ್ಯಾಲೆಗೆ ಹಾಕುತ್ತಿದ್ದರಲ್ಲ, ಅದೇ. ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಅದನ್ನು ಕಂಡಾಗ ನನ್ನ ಕೈಯ ಸ್ಪ್ಯಾನರ್ ಜಾರಿ ಸಾಹೇಬರ ಕಾಲಿನ ಮೇಲೆ ಬಿತ್ತು. ಅವರು ಒಂಟಿಕಾಲಲ್ಲಿ ಕುಣಿದರು. ನಾನು ಸ್ಪ್ಯಾನರ್ ಹೆಕ್ಕಿಕೊಂಡು ಬೋಯ್‌ನ ಆಚೆ ಬದಿಗೆ ಹೋಗಿ ಪಾಚಿ ಕೆರೆಯತೊಡಗಿದೆ.

ಅಪ್ಪನಿಗೆ ಇದಾವುದೂ ಗೊತ್ತಿಲ್ಲ. ಸೋಮವಾರ ಊರುಗೋಲು ಹಿಡಿದು ನಮ್ಮ ಆಫೀಸಿಗೆ ಬಂದು, ತಮ್ಮನ ಸಾವಿಗೆ ಎಲ್ಲರ ಎದುರು ಉತ್ತರ ಕೇಳುತ್ತಾರಂತೆ. ಪಕ್ಕದ ಮನೆಯವರ ಕಾರು ಹೇಳಿಟ್ಟಾಗಿದೆ. ಆ ಮೇಜು ದಾಟದೆ ಒಳಗೆ ಹೋಗಲು ದಾರಿಯಿಲ್ಲ.

ಭಾನುವಾರ ಬೆಳಿಗ್ಗೆಯೇ ಬಂದು ಅವರನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ಮೊಮ್ಮಕ್ಕಳು ಹಟ ಹಿಡಿದಿದ್ದಾರೆಂದು ಹೇಳು, ನಂಬುತ್ತಾರೆ. ಭಾವನ ದೊಡ್ಡ ಕಾರನ್ನೇ ತಾ, ಅವರ ಕಾಲು ಮಡಚಲು ಬರುವುದಿಲ್ಲ. ಹಿಂದಿನ ಸೀಟಿಗೆ ಎರಡು ದಿಂಬು ಹಾಕಿಕೊಂಡು ಬಾ.