ಬತ್ತಾಸಿನ ಸಪ್ಪಳ

ಗದಗ, ನೆಲಮನೆಗಳ ಸಾಲು
ಮೇ ತಿಂಗಳ ನಲವತ್ತನೆಯ ತಾರೀಕು, ೨೧೬೩

ಮಾನ್ಯ ಸಹನಾ ಅವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗ ಇಂದುಧರ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದನ್ನೇ ಬಿಟ್ಟಾಗ ನಮ್ಮ ಹಿರಿಯರು ಮೇ ತಿಂಗಳನ್ನು ಹಿಗ್ಗಿಸಿದರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ತಲುಪುವಾಗ ನಿಮಗೆ ಇಪ್ಪತ್ತಾರು ವರ್ಷ. ನಾನು ನಲವತ್ತೇಳರ ಬೋಳುತಲೆಯವನು. ಆದರೂ ಹಿರಿಯರು ನೀವೇ. ಆದ್ದರಿಂದ ಜಗಳವನ್ನೂ ಬಹುವಚನದಲ್ಲೇ ಆಡುತ್ತೇನೆ.

ಜಗಳ ನಿಮ್ಮ ಅಡುಗೆ ಪುಸ್ತಕದ ಬಗ್ಗೆ. ಚಿಕ್ಕಂದಿನಲ್ಲಿ ಜಾತ್ರೆಯಿಂದ ತಂದು ತಿಂದ ಬತ್ತಾಸನ್ನು ಮನೆಯಲ್ಲೇ ಮಾಡುವ ಬಗೆಯನ್ನು ನೀವು ಅದರಲ್ಲಿ ಬರೆದಿದ್ದೀರಿ: ಸಕ್ಕರೆ ಒಂದು ಪಾವು, ನೀರು ಅರ್ಧ ಪಾವು, ಹದ ನೋಡಿ ಇಳಿಸಿ, ಚಿಟಿಕೆ ಸೋಡಾ ಹಾಕಿ ಜೋರಾಗಿ ತಿರುವಿ, ಚಮಚದಿಂದ ಬಟ್ಟೆಯ ಮೇಲೆ ಬಿಡುವುದು. ಹದ ಅಂದರೆ ಏನು ಅಂತ ಒಂದಕ್ಷರವೂ ಇಲ್ಲ. ನಿಮಗೆ ಗೊತ್ತಿತ್ತು, ಬರೆದು ಕೈತೊಳೆದುಕೊಂಡಿರಿ.

ನಿಮ್ಮ ಮೊಮ್ಮಗಳು ಅನ್ವಿತಾ, ನನ್ನ ಅಜ್ಜಿ, ಈಗ ತೊಂಬತ್ತೆಂಟರ ಮುದುಕಿ. ಕಣ್ಣು ಕಾಣುವುದಿಲ್ಲ. ಗಂಟಲಿನ ಗಡ್ಡೆಯಿಂದಾಗಿ ನಾಳೆ ಬೆಳಿಗ್ಗೆ ವೈದ್ಯರು ಆಕೆಯ ಹೊಟ್ಟೆಗೆ ನಳಿಕೆ ಹಾಕುತ್ತಾರೆ. ಆಮೇಲೆ ಆಕೆ ಬಾಯಿಂದ ಏನನ್ನೂ ತಿನ್ನುವ ಹಾಗಿಲ್ಲ. ಏನು ಬೇಕು ಅಂತ ಕೇಳಿದ್ದಕ್ಕೆ ಬತ್ತಾಸು ಅಂದಳು. ಮನೆಯ ಪಾಲಿಗೆ ವರ್ಷಕ್ಕೆ ಸಿಗುವ ಸಕ್ಕರೆ ಮೂರು ಪಾವು. ವರ್ಷವಿಡೀ ಸಪ್ಪೆ ಚಹಾ ಕುಡಿಯಲು ಎಲ್ಲರೂ ಒಪ್ಪಿದರು, ನಾನು ಒಲೆಯ ಮುಂದೆ ನಿಂತೆ.

ಬಿಸಿಲಿಗೆ ಹೆದರಿ ನಾವು ನೆಲದೊಳಗೆ ತೋಡಿಕೊಂಡ ಮನೆಗಳಲ್ಲಿ ಇದ್ದೇವೆ. ಇಲ್ಲಿ ಬೆಂಕಿ ಇಲ್ಲ, ಮಂಕೊಲೆ ಅನ್ನುವ ಉರಿಯಿಲ್ಲದ ಒಲೆ ಇದೆ. ಮುಚ್ಚಳ ಹಾಕಿದರೆ ಅದೇ ಬೇಯಿಸಿ, ಬೆಂದಾಗ ಗಂಟೆ ಹೊಡೆಯುತ್ತದೆ. ಹುಟ್ಟಿದಾಗಿನಿಂದ ನಾವು ಗಂಟೆ ಕೇಳಿಯೇ ಉಂಡವರು. ಹಾಗಾಗಿ ಇವತ್ತು ಮಧ್ಯಾಹ್ನ ಪಾಕವಿಟ್ಟು ಗಂಟೆಗಾಗಿ ಕಾದೆ. ಒಲೆಗೆ ಬತ್ತಾಸು ಗೊತ್ತಿದ್ದರೆ ತಾನೆ? ಸಕ್ಕರೆ ಸೀದು ಕರಿಯಾಗಿ, ಹೊಗೆ ಎದ್ದು, ಇಡೀ ಸಾಲಿನ ಗಾಳಿಕಿಂಡಿಗಳು ತಾವಾಗಿಯೇ ಮುಚ್ಚಿಕೊಂಡವು. ಅರ್ಧ ಗಂಟೆ ಅಕ್ಕಪಕ್ಕದವರೆಲ್ಲ ಬೆವರಿಳಿಸುತ್ತ ನಮ್ಮ ಬಾಗಿಲಲ್ಲಿ ನಿಂತು ಬೈದರು. ಇನ್ನೊಮ್ಮೆ ಹೊಗೆ ಬಂದರೆ ಒಲೆಯನ್ನೇ ಹೊತ್ತೊಯ್ಯುತ್ತೇವೆ ಅಂತ ಕಾವಲಿನವರು ಹೇಳಿ ಹೋದರು. ಆ ಹೆದರಿಕೆಯಲ್ಲಿ ಎರಡನೆಯ ಪಾವನ್ನು ಬೇಗನೆ ಇಳಿಸಿಬಿಟ್ಟೆ. ಅದು ಬಟ್ಟೆಯ ಮೇಲೆ ನೀರಾಗಿ ಹರಿಯಿತು. ನನಗೆ ಅಳು ಬಂತು, ಅಡಗಿಸಿಡಲು ಆಗಲಿಲ್ಲ.

ಒಳಗಿನಿಂದ ಅಜ್ಜಿ ಕರೆದಳು. ಕುರ್ಚಿಯಲ್ಲಿ ಕೂರಿಸಿ ಒಲೆಯ ಹತ್ತಿರ ತಂದೆ.

"ಬಟ್ಟಲದಾಗ ತಣ್ಣೀರ ತಗೊಂಡ ಬಾ," ಅಂದಳು.

ನೀರನ್ನು ತೆರೆದಿಡುವುದು ನಮ್ಮಲ್ಲಿ ತಪ್ಪು, ಆರಿಹೋಗುತ್ತದೆ. ಇಲ್ಲಿ ಯಾರೂ ಬಟ್ಟಲಲ್ಲಿ ನೀರಿಡುವುದಿಲ್ಲ. ಆದರೂ ಸ್ಟೀಲಿನ ಬಟ್ಟಲಲ್ಲಿ ತಂದು ಆಕೆಯ ಮಡಿಲಲ್ಲಿಟ್ಟೆ, ಕೊನೆಯ ಪಾವು ಸಕ್ಕರೆಯನ್ನು ಒಲೆಗಿಟ್ಟೆ. ಪಾಕ ಕುದಿಯತೊಡಗಿದಾಗ ಅದರ ಒಂದು ಹನಿಯನ್ನು ನನ್ನಿಂದ ಬಟ್ಟಲಿನ ನೀರಿಗೆ ಬಿಡಿಸಿದಳು. ಅದನ್ನು ಬೆರಳಲ್ಲಿ ಹೊಸಕಿ, ಮೆತ್ತಗಿದೆ ಅಂತ ತಲೆಯಾಡಿಸಿದಳು. ಇನ್ನೊಂದು ಹನಿ, ಮತ್ತೊಂದು. ಪಾತ್ರೆಯ ಅಂಚಿನ ಪಾಕ ಕೆಂಪಾಗುತ್ತಿತ್ತು. ಸೀದ ವಾಸನೆ ಬಂತೆಂದು ನನಗನ್ನಿಸಿ, ಇಳಿಸಲು ಕೈ ಚಾಚಿದೆ.

"ತಡಿ, ಸಪ್ಪಳಾ ಬಂದಿಲ್ಲ."

ಮುಂದಿನ ಹನಿ ಗಟ್ಟಿಯಾಯಿತು. ಅದನ್ನೆತ್ತಿ ಬಟ್ಟಲಿನ ಅಂಚಿಗೆ ಬಡಿದಳು. ಟಣ್ ಅಂತು.

"ಈಗ ಇಳಸು."

ಇಳಿಸಿ, ಸೋಡಾ ಹಾಕಿ, ರಟ್ಟೆ ಸೋಲುವವರೆಗೆ ತಿರುವಿದೆ. ಪಾಕ ಬೆಳ್ಳಗೆ ಉಬ್ಬಿತು. ಬಟ್ಟೆಯ ಮೇಲೆ ಬಿಟ್ಟವು ಸೊಟ್ಟಸೊಟ್ಟಗೆ ನಿಂತವು, ಆದರೆ ನಿಂತವು. ಒಂದನ್ನು ಆಕೆಯ ನಾಲಿಗೆಯ ಮೇಲಿಟ್ಟೆ. ಅಜ್ಜಿ ಅದನ್ನು ಪೂರ್ತಿ ಕರಗಿಸಿಕೊಂಡಳು.

"ಸೋಡಾ ಹೆಚ್ಚಾಗೇತಿ," ಅಂದಳು. ಆಮೇಲೆ ಕೈ ಚಾಚಿದಳು. "ಇನ್ನೊಂದ ಕೊಡು."

ಐದು ತಿಂದಳು. ಈ ಸಪ್ಪಳ ಯಾರು ಕಲಿಸಿದರು ಅಂತ ಕೇಳಿದೆ. ಯಾರೂ ಕಲಿಸಲಿಲ್ಲವಂತೆ. ನೀವು ಬತ್ತಾಸು ಮಾಡುವಾಗ ಬಟ್ಟಲು ಹಿಡಿದುಕೊಂಡು ಕೂರುವುದು ಆರು ವರ್ಷದ ಆಕೆಯ ಕೆಲಸವಾಗಿತ್ತಂತೆ.

ಹಾಗಾಗಿ ಮೇಲಿನ ಜಗಳದಲ್ಲಿ ಅರ್ಧವನ್ನು ಹಿಂತೆಗೆದುಕೊಂಡಿದ್ದೇನೆ. ನೀವಿನ್ನೂ ಆ ಪುಟ ಬರೆದಿರದಿದ್ದರೆ ಸಪ್ಪಳದ ಮಾತನ್ನೂ ಸೇರಿಸಿ. ಬರೆದು ಮುಗಿಸಿದ್ದರೆ ಇರಲಿ, ಬಿಡಿ. ಮುಂದೊಂದು ದಿನ ಅನ್ವಿತಾ ಅನ್ನುವ ಹುಡುಗಿ ನಿಮ್ಮ ಒಲೆಯ ಹತ್ತಿರ ಬಂದು ನಿಲ್ಲುತ್ತಾಳೆ. ಪಾಕ ಬಿಸಿ ಇದೆ, ದೂರ ಹೋಗು ಅಂತ ಮಾತ್ರ ದಯವಿಟ್ಟು ಗದರಿಸಬೇಡಿ. ಅವಳ ಕೈಗೆ ಬಟ್ಟಲು ಕೊಡಿ.

ನಿಮ್ಮ
ಇಂದುಧರ