ಮಣ್ಣು ಹೊತ್ತವರ ಬಾಯಲ್ಲಿ

ನವೆಂಬರ್ ೧೮, ಮಂಗಳವಾರ

ಬರೆಯುತ್ತಿರುವ ಕಾದಂಬರಿಯನ್ನು ಇವಳ ಕೈಗೆ ಕೊಡಬಾರದಿತ್ತು. ಊಟಕ್ಕೆ ಕೂತಾಗ ಕೇಳಿದಳು: "ರೀ, ನಿಮ್ಮ ರಾಜ ಹೆಂಡ್ತಿ ಹತ್ರ ಮಾತಾಡ್ತಾನೋ, ಟೆಂಡರ್ ಕರೀತಾನೋ?" ನಕ್ಕೆ. "ಅದಿರ್ಲಿ, ಕೆರೆಗೆ ಮಣ್ಣು ಹೊತ್ತೋರೆಲ್ಲ ಮೂಗರಾ?" ಎಂದಳು. ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ನೀರಾವರಿ ಇಲಾಖೆಯಲ್ಲಿ ಜನ್ಮ ಸವೆಸಿದವನು ನಾನು. ಪ್ರತಿ ಅಣೆಕಟ್ಟಿನ ಕಲ್ಲಿನ ಮೇಲೂ ಮಂತ್ರಿಯ ಹೆಸರು. ಕುಸಿದ ಮಣ್ಣಿನಡಿ ಸತ್ತವರ ಹೆಸರು ಎಲ್ಲೂ ಇಲ್ಲ. ಅದಕ್ಕೆ ಮೈ ಉರಿದೇ ನಿವೃತ್ತನಾದ ಮೇಲೆ ರಾಜರ ಕಾಲದ ಒಂದು ಹಳೆಯ ಕೆರೆ ಕಟ್ಟಿದವರ ಕಥೆ ಬರೆಯಲು ಕೂತದ್ದು. ಅಲ್ಲಿನ ಶಾಸನದಲ್ಲೂ ರಾಜನ ಹೊಗಳಿಕೆಯೊಂದೇ.

ಈಗ ಹಾಳೆ ತಿರುವಿ ನೋಡಿದೆ. ಏರಿಯ ಇಳಿಜಾರು, ತೂಬಿನ ಅಳತೆ, ಎಲ್ಲ ಕರಾರುವಾಕ್ಕು. ಮಣ್ಣು ಹೊತ್ತವರು ಬರೀ "ಆಳುಗಳು". ನಾನು ಬರೆದದ್ದು ಇನ್ನೊಂದು ಶಾಸನ, ಅಷ್ಟೇ.

ಬುಟ್ಟಿ ಹೊತ್ತ ಒಬ್ಬ ಹೆಂಗಸಿನ ಬಾಯಲ್ಲಿ ಒಂದೇ ಒಂದು ಮಾತು ಆಡಿಸೋಣವೆಂದು ಇಷ್ಟು ಹೊತ್ತು ಕೂತೆ. ಅವಳು "ಮಾನ್ಯರೇ" ಎಂದು ಶುರುಮಾಡುತ್ತಾಳೆ! ಯಾವ ಮಂತ್ರಿ ಯಾವ ಭಾಷಣದಲ್ಲಿ ಯಾವ ಸುಳ್ಳು ಹೇಳಿದ ಎಂಬುದು ಇಂದಿಗೂ ಬಾಯಿಪಾಠ. ಅಣೆಕಟ್ಟಿನ ಕೆಲಸದಲ್ಲಿ ನನ್ನ ಪಕ್ಕದಲ್ಲೇ ದಿನವಿಡೀ ಮಣ್ಣು ಹೊರುತ್ತಿದ್ದವರ ಒಂದು ಮಾತೂ ನೆನಪಾಗುತ್ತಿಲ್ಲ. ನಗುತ್ತಿದ್ದರು, ಜಗಳವಾಡುತ್ತಿದ್ದರು, ನಮ್ಮನ್ನು ಬೈದುಕೊಳ್ಳುತ್ತಲೂ ಇದ್ದರು. ಏನೆಂದು ಬೈಯುತ್ತಿದ್ದರು, ಅದಾದರೂ ನೆನಪಾಗಿದ್ದರೆ ಇವಳ ಮೊದಲ ಮಾತು ಅದೇ ಆಗುತ್ತಿತ್ತು.